ಮಗುವಿನ ಫೋಟೋದಲ್ಲಿ ಅಮ್ಮ ಎಲ್ಲಿ? ಮನೆಯಲ್ಲೇ ಕಪ್ಪು-ಬಿಳುಪು ಚಿತ್ರ ತೆಗೆಯುವ ಬಗೆ

ನಮ್ಮ ಮನೆಯ ಹಳೇ ಆಲ್ಬಮ್ಮಿನಲ್ಲಿ ನನ್ನದೊಂದು ಕಪ್ಪು-ಬಿಳುಪು ಫೋಟೋ ಇದೆ. ಆರು ತಿಂಗಳ ಮಗು. ಸ್ಟುಡಿಯೋದ ಮರದ ಕುರ್ಚಿ, ಹಿಂದೆ ಪರದೆ, ಕೆನ್ನೆ ಮೇಲೆ ದೊಡ್ಡ ದೃಷ್ಟಿಬೊಟ್ಟು. ಸರಿಯಾಗಿ ನೋಡಿದರೆ ಪರದೆಯ ಸಂದಿಯಿಂದ ಒಂದು ಕೈ ಈಚೆ ಬಂದಿದೆ. ಎರಡು ಗಾಜಿನ ಬಳೆ. ನಾನು ಬೀಳದ ಹಾಗೆ ಸೊಂಟ ಹಿಡಿದುಕೊಂಡಿದೆ. ಅದು ಅಮ್ಮನ ಕೈ. ಆ ವರ್ಷದ ಅಮ್ಮನ ಫೋಟೋ ಅಂತ ನಮ್ಮ ಹತ್ತಿರ ಇರುವುದು ಆ ಕೈ ಒಂದೇ.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. 19ನೇ ಶತಮಾನದಲ್ಲಿ ಇಂಗ್ಲೆಂಡ್, ಅಮೆರಿಕಗಳಲ್ಲಿ ತೆಗೆದ ಎಷ್ಟೋ ಮಕ್ಕಳ ಫೋಟೋಗಳಲ್ಲಿ ಮಗುವಿನ ಹಿಂದೆ ಬಟ್ಟೆ ಹೊದಿಸಿದ ಒಂದು ಆಕಾರ ಕಾಣುತ್ತದೆ. ನೋಡಿದ ಕೂಡಲೇ ಸೋಫಾ ಅನ್ನಿಸುತ್ತದೆ. ಅದು ತಾಯಿ. ಆಗಿನ ಕ್ಯಾಮೆರಾಗೆ ಒಂದು ಚಿತ್ರಕ್ಕೆ ಹಲವು ಸೆಕೆಂಡು ಬೇಕಿತ್ತು, ಅಷ್ಟು ಹೊತ್ತು ಮಗು ಅಲುಗಾಡಬಾರದು, ಹಾಗಾಗಿ ತಾಯಿಯೇ ಹಿಡಿದುಕೊಂಡು ಕೂರಬೇಕು, ಆದರೆ ಅವಳು ಫೋಟೋದಲ್ಲಿ ಕಾಣಬಾರದು! ಈಗ ಮೊಬೈಲ್ ಬಂದಿದೆ, ಒಂದು ಮಗುವಿಗೆ ಸಾವಿರ ಫೋಟೋ. ಆದರೂ ತೆಗೆಯುವವಳು ಅಮ್ಮನೇ ಆದ್ದರಿಂದ ಅವಳು ಈಗಲೂ ಹೊರಗೇ.

ಈ ಲೇಖನ ಅವಳನ್ನು ಒಳಗೆ ತರುವುದಕ್ಕೆ. ಗಂಡ, ಅಕ್ಕ, ತಂಗಿ, ದೊಡ್ಡ ಮಗ, ಯಾರು ಬೇಕಾದರೂ ತೆಗೆಯಬಹುದು. ಸಾಮಾನ್ಯ ಮೊಬೈಲ್ ಸಾಕು.

ಬಣ್ಣ ಯಾಕೆ ಬೇಡ

ಮಗು ಇರುವ ಮನೆ ಹೇಗಿರುತ್ತದೆ ಗೊತ್ತಲ್ವಾ? ಕೆಂಪು ಬಕೆಟ್ಟು, ಗುಲಾಬಿ ಸೊಳ್ಳೆಪರದೆ, ಕರಡಿ ಚಿತ್ರದ ಬೆಡ್‌ಶೀಟು, ಗೋಡೆ ಮೇಲೆ ಕ್ಯಾಲೆಂಡರು. ಬಣ್ಣದ ಫೋಟೋದಲ್ಲಿ ಕಣ್ಣು ಮೊದಲು ಬಕೆಟ್ಟಿಗೆ ಹೋಗುತ್ತದೆ, ಆಮೇಲೆ ಅಮ್ಮನಿಗೆ. ಬಣ್ಣ ತೆಗೆದುಬಿಟ್ಟರೆ ಉಳಿಯುವುದು ಬೆಳಕು, ಚರ್ಮ, ಕೈ, ಕಣ್ಣು. ಹುಟ್ಟಿದ ಮಗುವಿನ ಮೈಮೇಲಿನ ಕೆಂಪು ಮಚ್ಚೆಗಳನ್ನೂ ಬಾಣಂತಿಯ ಕಣ್ಣಿನ ಕೆಳಗಿನ ಕಪ್ಪನ್ನೂ ಅಳಿಸದೆ, ಮುಚ್ಚದೆ, ಮೆತ್ತಗೆ ಮಾಡಬಹುದು.

ಆದರೆ ಒಂದು ಮಾತು. ಬೆಳಕು ಕೆಟ್ಟದಾಗಿದ್ದರೆ ಕಪ್ಪು-ಬಿಳುಪು ಮಾಡಿದ ಮಾತ್ರಕ್ಕೆ ಫೋಟೋ ಚೆನ್ನಾಗಿ ಆಗುವುದಿಲ್ಲ. ಇನ್ನೂ ಕೆಡುತ್ತದೆ, ಯಾಕೆಂದರೆ ಈಗ ಅಲ್ಲಿ ಬೆಳಕು ಬಿಟ್ಟರೆ ಬೇರೇನೂ ಇಲ್ಲ. ಹಾಗಾಗಿ ಕಿಟಕಿಯಿಂದ ಶುರು ಮಾಡೋಣ.

ಮೊದಲು ಕಿಟಕಿ ಹುಡುಕಿ

ಒಂದು ದಿನ ಫೋಟೋ ತೆಗೆಯದೆ ಸುಮ್ನೆ ಮನೆ ಸುತ್ತಿ. ಬೆಳಗ್ಗೆ 8ಕ್ಕೆ, ಮಧ್ಯಾಹ್ನ 12ಕ್ಕೆ, ಸಂಜೆ 4ಕ್ಕೆ ಯಾವ ಕಿಟಕಿಯಲ್ಲಿ ಬೆಳಕು ಹೇಗೆ ಬರುತ್ತದೆ ಅಂತ ನೋಡಿ. ಉತ್ತರದ ಕಿಟಕಿ ಇದ್ದರೆ ಅದೃಷ್ಟ, ಅಲ್ಲಿ ವರ್ಷದ ಹೆಚ್ಚು ದಿನ ನೇರ ಬಿಸಿಲು ಬರದೆ ಬೆಳಕು ಒಂದೇ ಸಮ ಇರುತ್ತದೆ. ಪೂರ್ವದ ಕಿಟಕಿ ಮಾತ್ರ ಇದ್ದರೆ ಬೆಳಗಿನ ಬಿಸಿಲು ನೇರವಾಗಿ ಬಿದ್ದು ಸರಳಿನ ನೆರಳು ಮುಖದ ಮೇಲೆ ಗೆರೆ ಎಳೆಯುತ್ತದೆ. ಆಗ ಒಂದು ಬಿಳಿ ಪಂಚೆ ಕಟ್ಟಿ. ತೊಳೆದು ತೊಳೆದು ತೆಳ್ಳಗಾದ ಹಳೇ ಪಂಚೆಯೇ ಒಳ್ಳೆಯದು. ಬಿಸಿಲು ಅದರಲ್ಲಿ ಸೋಸಿ ಮೆತ್ತಗಾಗಿ ಬರುತ್ತದೆ.

ಅಮ್ಮನನ್ನು ಕಿಟಕಿಯಿಂದ 3–4 ಅಡಿ ದೂರದಲ್ಲಿ ಕೂರಿಸಿ, ಕಿಟಕಿ ಅವಳ ಪಕ್ಕಕ್ಕೆ ಬರಲಿ. ಕಿಟಕಿಗೆ ಬೆನ್ನು ಹಾಕಿ ಕೂತರೆ ಮುಖ ಕಪ್ಪಾಗುತ್ತದೆ, ಪೂರ್ತಿ ಎದುರು ಕೂತರೆ ಮುಖ ಚಪ್ಪಟೆ ಕಾಣುತ್ತದೆ. ಪಕ್ಕದಿಂದ ಬಂದ ಬೆಳಕಿನಲ್ಲಿ ಒಂದು ಕೆನ್ನೆ ಬೆಳಗಿ ಇನ್ನೊಂದು ನೆರಳಿಗೆ ಜಾರುತ್ತದಲ್ಲ, ಕಪ್ಪು-ಬಿಳುಪಿನಲ್ಲಿ ಮುಖಕ್ಕೆ ಆಕಾರ ಬರುವುದೇ ಅದರಿಂದ. ನೆರಳು ಜಾಸ್ತಿ ಆಯಿತು ಅನ್ನಿಸಿದರೆ ಆ ಕಡೆ ಬಿಳಿ ಟವೆಲ್ಲೋ ಥರ್ಮಾಕೋಲ್ ಹಲಗೆಯೋ ಹಿಡಿಯಲು ಯಾರಿಗಾದರೂ ಹೇಳಿ. ಹಿಂದಿನ ಗೋಡೆ ದೂರ ಇದ್ದಷ್ಟೂ ಕತ್ತಲಾಗುತ್ತದೆ, ಕ್ಯಾಲೆಂಡರು ತಾನಾಗಿಯೇ ಮಾಯ.

ಟ್ಯೂಬ್‌ಲೈಟು, ಎಲ್‌ಇಡಿ ಎಲ್ಲಾ ಆರಿಸಿ. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ ಕೆಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ವೇಗವಾಗಿ ಕ್ಲಿಕ್ಕಿಸಿದರೆ ಫೋಟೋ ಮೇಲೆ ಅಡ್ಡಪಟ್ಟಿ ಬೀಳಬಹುದು. ಮೇಲಿನಿಂದ ಬೀಳುವ ಬೆಳಕು ಕಣ್ಣಿನ ಗುಳಿಯನ್ನೂ ಕಪ್ಪು ಮಾಡುತ್ತದೆ. ಫ್ಲ್ಯಾಶ್ ಬೇಡವೇ ಬೇಡ.

ಬಟ್ಟೆ, ಕುಂಕುಮ

ಹೊಸ ಸೀರೆ ಉಡಿಸಬೇಡಿ. ದಿನಾ ಉಡುವ ಮೆತ್ತಗಿನ ಹತ್ತಿ ಸೀರೆಯೋ ನೈಟಿಯೋ, ಬಾಣಂತಿ ತಲೆಗೆ ಕಟ್ಟಿದ ಬಟ್ಟೆಯೋ, ಅದೇ ಇರಲಿ. ಎಷ್ಟೋ ಜನ ಫೋಟೋ ಅಂದ ಕೂಡಲೇ ಆ ತಲೆಬಟ್ಟೆ ಬಿಚ್ಚಿಸುತ್ತಾರೆ. ಬೇಡ. ಹತ್ತು ವರ್ಷ ಆದಮೇಲೆ ನಿಮಗೆ ಆ ದಿನಗಳ ನೆನಪು ತರುವುದು ಅದೇ.

ಬಣ್ಣದ ಲೆಕ್ಕ ಮಾತ್ರ ಸ್ವಲ್ಪ ತಿಳಿದಿರಬೇಕು. ಬಣ್ಣವನ್ನು ಬೂದಿ ಬಣ್ಣಕ್ಕೆ (ಗ್ರೇ) ಬದಲಿಸುವ ಸಾಮಾನ್ಯ ಸೂತ್ರ ಒಂದಿದೆ: ಹಸಿರಿಗೆ ಸುಮಾರು 59 ಪಾಲು, ಕೆಂಪಿಗೆ 30, ನೀಲಿಗೆ 11. ಅಂದರೆ ಕಣ್ಣಿಗೆ ಬೇರೆ ಬೇರೆ ಕಾಣುವ ಕೆಂಪು ಸೀರೆ, ಕಡುಹಸಿರು ರವಿಕೆ ಎರಡೂ ಫೋಟೋದಲ್ಲಿ ಒಂದೇ ಬೂದಿ ಆಗಿಬಿಡಬಹುದು. ಮೊಬೈಲಿನ ಮೋನೋ (ಕಪ್ಪು-ಬಿಳುಪು) ಫಿಲ್ಟರ್ ಹಾಕಿಕೊಂಡು ಮೊದಲೇ ಒಮ್ಮೆ ನೋಡಿಬಿಡಿ. ಅಮ್ಮ ಕಡು ಬಣ್ಣ ಉಟ್ಟು, ಮಗುವಿಗೆ ತಿಳಿ ಬಟ್ಟೆ ಸುತ್ತಿದರೆ ಎರಡು ಆಕಾರವೂ ಬೇರೆಯಾಗಿ ಕಾಣುತ್ತವೆ. ದೊಡ್ಡ ಚೌಕಳಿ, ಅಕ್ಷರ ಇರುವ ಟೀಶರ್ಟು ಬಿಟ್ಟುಬಿಡಿ.

ಹಳೇ ಫೋಟೋಗಳಲ್ಲಿ ಅಜ್ಜಿಯರ ಕುಂಕುಮ ಕಾಡಿಗೆಯಷ್ಟು ಕಪ್ಪಾಗಿ ಕಾಣುತ್ತದೆ, ಗಮನಿಸಿದ್ದೀರಾ? ಆಗಿನ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ, ಕೆಂಪೆಲ್ಲ ಕಪ್ಪಾಗುತ್ತಿತ್ತು. ಆಮೇಲೆ ಎಲ್ಲ ಬಣ್ಣವನ್ನೂ ಹಿಡಿಯುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ ಬಂತು. ಈಗಿನ ಮೊಬೈಲಿನಲ್ಲಿ ಉಲ್ಟಾ ಕಷ್ಟ: ಕುಂಕುಮ, ಹಣೆ ಎರಡೂ ಒಂದೇ ಬೂದಿಯಾಗಿ ಬೊಟ್ಟೇ ಕಾಣದೆ ಹೋಗಬಹುದು. ಅದನ್ನು ವಾಪಸ್ ತರುವುದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಕ್ಯಾಮೆರಾ

ಯಾವಾಗಲೂ ಬಣ್ಣದಲ್ಲೇ ತೆಗೆಯಿರಿ, ಸಾಧ್ಯವಿದ್ದರೆ ರಾ ಫೈಲ್ ಆಗಿ, ಅಂದರೆ ಕ್ಯಾಮೆರಾ ಕಂಡದ್ದನ್ನು ಕುಗ್ಗಿಸದೆ ಹಾಗೇ ಉಳಿಸುವ ಫೈಲ್. ಬಣ್ಣದ ಮಾಹಿತಿ ಇದ್ದರೆ ತಾನೇ ಆಮೇಲೆ ಯಾವ ಬಣ್ಣ ಎಷ್ಟು ಬೂದಿ ಆಗಬೇಕು ಅಂತ ನೀವು ಹೇಳಬಹುದು.

ಡಿಎಸ್‌ಎಲ್‌ಆರ್ ಇದ್ದರೆ 50 ಎಂಎಂ ಲೆನ್ಸು, ಎಫ್ 2.8 ಅಥವಾ 4 (ಎಫ್ ಅಂದರೆ ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು, ಸ್ಪಷ್ಟವಾಗಿ ಕಾಣುವ ಆಳ ಕಡಿಮೆ). ಮಗು ಎಚ್ಚರ ಇದ್ದರೆ ಶಟರ್ 1/250 ಸೆಕೆಂಡು, ಮಲಗಿದ್ದರೆ 1/125 ಸಾಕು. ಐಎಸ್‌ಒ (ಕ್ಯಾಮೆರಾ ಬೆಳಕನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಅಳತೆ) 800, 1600 ಮಾಡಲು ಹೆದರಬೇಡಿ. ಅದು ಜಾಸ್ತಿಯಾದಾಗ ಬರುವ, ಬಣ್ಣದಲ್ಲಿ ಹೊಲಸಾಗಿ ಕಾಣುವ ಕಾಳುಗಳು ಕಪ್ಪು-ಬಿಳುಪಿನಲ್ಲಿ ಹಳೇ ಫಿಲ್ಮಿನ ಹಾಗೆ ಹೊಂದಿಕೊಳ್ಳುತ್ತವೆ. ಎಫ್ 1.8ಕ್ಕೆ ಹೋದರೆ ಮಗುವಿನ ಕಣ್ಣು ಸ್ಪಷ್ಟವಾಗಿ ಅಮ್ಮನ ಮುಖ ಮಸುಕಾಗುತ್ತದೆ. ನಮಗೆ ಬೇಡದ್ದೇ ಅದು.

ಮೊಬೈಲ್ ಆದರೆ ಸ್ಕ್ರೀನಿನಲ್ಲಿ ಕಾಣುವ ಅಮ್ಮನ ಕೆನ್ನೆ ಮೇಲೆ ಬೆರಳೊತ್ತಿ ಹಿಡಿಯಿರಿ, ಫೋಕಸ್ ಲಾಕ್ ಆಗುತ್ತದೆ. ಆಮೇಲೆ ಪಕ್ಕದಲ್ಲಿ ಕಾಣುವ ಬೆಳಕಿನ ಗೆರೆಯನ್ನು ಸ್ವಲ್ಪ ಕೆಳಗೆ ಎಳೆಯಿರಿ, ಬೆಳಕು ಕಡಿಮೆಯಾಗುತ್ತದೆ. ಕ್ಯಾಮೆರಾಗೆ ಒಂದು ದುರಭ್ಯಾಸ ಇದೆ, ಎದುರಿಗೆ ಇರುವುದನ್ನೆಲ್ಲ ನಡು ಬೂದಿ ಮಾಡಲು ನೋಡುತ್ತದೆ. ಕತ್ತಲ ಗೋಡೆ ಜಾಸ್ತಿ ಇದ್ದರೆ ಮುಖ ಬಿಳಿಚಿಕೊಳ್ಳುತ್ತದೆ. ಬಿಳಿ ಬಟ್ಟೆ ಜಾಸ್ತಿ ಇದ್ದರೆ ಎಲ್ಲಾ ಮಂಕಾಗುತ್ತದೆ. ಮಗುವಿನ ಬಿಳಿ ಬಟ್ಟೆಯ ನೇಯ್ಗೆ ಕಾಣುತ್ತಿದೆಯಾ ನೋಡಿ. ಕಂಡರೆ ಬೆಳಕು ಸರಿ ಇದೆ.

ಬ್ಯೂಟಿ ಮೋಡ್ ಆಫ್ ಮಾಡಿ, ದಯವಿಟ್ಟು. ಕೆಲವು ಮೊಬೈಲುಗಳಲ್ಲಿ ಅದು ಮೊದಲೇ ಆನ್ ಆಗಿರುತ್ತದೆ, ನಮ್ಮನ್ನು ಕೇಳದೆ ಅಮ್ಮಂದಿರ ಚರ್ಮ ಬೆಳ್ಳಗೆ, ನುಣ್ಣಗೆ ಮಾಡುತ್ತದೆ. ಕಪ್ಪು ಚರ್ಮ ಕಪ್ಪು-ಬಿಳುಪಿನಲ್ಲಿ ಎಷ್ಟು ಚೆಂದ ಅಂದರೆ, ಎಣ್ಣೆ ಹಚ್ಚಿದ ಮೈ ಮೇಲೆ ಕಿಟಕಿ ಬೆಳಕು ಜಾರುವುದನ್ನು ಒಮ್ಮೆ ನೋಡಿ.

ಏನು ತೆಗೆಯಬೇಕು

ಇಲ್ಲಿ ಸ್ವಲ್ಪ ನಿಧಾನಿಸೋಣ, ಜಾಸ್ತಿ ಜನ ಎಡವುವುದು ಇಲ್ಲೇ. ಅಮ್ಮನನ್ನು ಕೂರಿಸಿ, ಮಗುವನ್ನು ಕೊಟ್ಟು, 'ಇಲ್ಲಿ ನೋಡು, ನಗು' ಅನ್ನುತ್ತಾರೆ. ಅವಳು ಕ್ಯಾಮೆರಾ ನೋಡುತ್ತಾಳೆ, ಮಗು ಫ್ಯಾನ್ ನೋಡುತ್ತದೆ. ಇಬ್ಬರ ನಡುವೆ ಏನೂ ಇಲ್ಲ.

ಅದರ ಬದಲು ಏನಾದರೂ ಕೆಲಸ ನಡೆಯುತ್ತಿರಲಿ. ಹಾಲು ಕುಡಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ತೇಗು ಬರಲಿ ಅಂತ ಬೆನ್ನು ತಟ್ಟುತ್ತಾಳಲ್ಲ, ಆಗ ಅವಳ ಹಿಂದೆ ನಿಂತು ತೆಗೆಯಿರಿ. ಭುಜದ ಮೇಲೆ ಮಗುವಿನ ಅರೆನಿದ್ದೆಯ ಮುಖ, ಪಕ್ಕದಲ್ಲಿ ಅವಳ ಕಿವಿ, ಓಲೆ, ಜಾರಿದ ತುರುಬು. ಮಗುವಿನ ಉಗುರು ಕತ್ತರಿಸುವಾಗ ಹತ್ತಿರದಿಂದ ತೆಗೆಯಿರಿ. ಉಸಿರು ಬಿಗಿಹಿಡಿದುಕೊಂಡು, ತುಟಿ ಕಚ್ಚಿಕೊಂಡು, ಕಡಲೆಬೇಳೆಯಷ್ಟು ಇರುವ ಬೆರಳನ್ನು ತನ್ನ ಹೆಬ್ಬೆರಳ ಮೇಲೆ ಇಟ್ಟುಕೊಂಡಿರುತ್ತಾಳೆ. ಅವಳು ಆ ಹೊತ್ತಿನಲ್ಲಿ ನಿಮ್ಮನ್ನು ಮರೆತೇಬಿಟ್ಟಿರುತ್ತಾಳೆ.

ಎಣ್ಣೆ-ನೀರಿನ ಹೊತ್ತು ಇದಕ್ಕೆಲ್ಲ ಕಳಶ. ಅಜ್ಜಿ ಕಾಲು ನೀಡಿ ಕೂತು ಮೊಣಕಾಲ ಕೆಳಗೆ ಮಗುವನ್ನು ಮಲಗಿಸಿಕೊಂಡು ತಿಕ್ಕುತ್ತಿರುತ್ತಾರೆ. ಬಾಣಂತಿ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿರುತ್ತಾಳೆ. ಮಗು ಅಳುತ್ತಿರುತ್ತದೆ, ಅವಳ ಮುಖ ನೋಡಬೇಕು ಆಗ! ಒಂದೇ ಚೌಕಟ್ಟಿನಲ್ಲಿ ಮೂರು ತಲೆಮಾರು, ಯಾರೂ ಪೋಸ್ ಕೊಟ್ಟಿಲ್ಲ. ಬಚ್ಚಲಿನ ಸಣ್ಣ ಕಿಟಕಿಯಿಂದ ಬರುವ ಬೆಳಕಿನಲ್ಲಿ ಬಿಸಿನೀರಿನ ಹಬೆ ಏಳುತ್ತಿದ್ದರೆ ಇನ್ನೇನು ಬೇಕು. ಹಬೆ ಸಾಕು, ಫೋಟೋಗೋಸ್ಕರ ಸಾಂಬ್ರಾಣಿ ಹೊಗೆ ಹಾಕಿಸಬೇಡಿ. ಹೊಗೆ ಮಗುವಿನ ಉಸಿರಿಗೆ ಒಳ್ಳೆಯದಲ್ಲ. ಮತ್ತೆ ಮಗು ಬೆತ್ತಲೆ ಇರುತ್ತದೆ ಅನ್ನುವುದು ನೆನಪಿರಲಿ, ಅಜ್ಜಿಯ ತೋಳು ಅಡ್ಡ ಬರುವ ಕಡೆ ನಿಂತು ತೆಗೆಯಿರಿ.

ಕೈಗಳಿಗೆ ಗಮನ ಕೊಡಿ. ಕ್ಯಾಲಿಫೋರ್ನಿಯಾದ ನಿಪೋಮೋದಲ್ಲಿ 1936ರಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದ ವಲಸೆ ತಾಯಿಯ ಚಿತ್ರ ನೀವು ನೋಡಿರಬಹುದು. ಅದರಲ್ಲಿ ಇಬ್ಬರು ಮಕ್ಕಳು ಮುಖ ಆ ಕಡೆ ತಿರುಗಿಸಿ ತಾಯಿಯ ಭುಜಕ್ಕೆ ಒರಗಿದ್ದಾರೆ, ಕೂಸು ಮಡಿಲಲ್ಲಿದೆ. ಆ ಇಬ್ಬರು ಮಕ್ಕಳ ಮುಖ ಕಾಣುವುದೇ ಇಲ್ಲ. ಕೆನ್ನೆ ಹತ್ತಿರ ಬಂದ ತಾಯಿಯ ಕೈಬೆರಳು ಮತ್ತು ಎಲ್ಲೋ ನೆಟ್ಟ ಕಣ್ಣು, ಇಷ್ಟರಲ್ಲೇ ಎಲ್ಲಾ ಇದೆ. ಮಕ್ಕಳು ಕ್ಯಾಮೆರಾ ನೋಡಲೇಬೇಕು ಅನ್ನುವ ಹಟ ಬಿಟ್ಟರೆ ಅರ್ಧ ಕೆಲಸ ಆದ ಹಾಗೆ.

ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರ ಕಪ್ಪು-ಬಿಳುಪು ಚಿತ್ರಗಳನ್ನು ಹುಡುಕಿ ನೋಡಿ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಫೋಟೋಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲಿ ನಡೆದಿತ್ತು. ಸಾಮಾನ್ಯ ಜನರ ದಿನನಿತ್ಯದ ಬದುಕನ್ನೇ ಅವರು ಜೀವನಪೂರ್ತಿ ತೆಗೆದರು. ಒಂದು ಸಂಜೆ ಅವನ್ನು ನೋಡುತ್ತಾ ಕೂತರೆ ಹತ್ತು ವಿಡಿಯೋ ನೋಡಿದ್ದಕ್ಕಿಂತ ಜಾಸ್ತಿ ಕಲಿಯುತ್ತೀರಿ.

ಕೂಸನ್ನು ಬುಟ್ಟಿಯಲ್ಲಿ ತೂಗುಹಾಕುವುದು, ಗಲ್ಲಕ್ಕೆ ಎರಡೂ ಕೈ ಕೊಟ್ಟು ಕೂರಿಸುವುದು ಇವನ್ನೆಲ್ಲ ಮನೆಯಲ್ಲಿ ಮಾಡಲೇಬೇಡಿ. ಗಲ್ಲಕ್ಕೆ ಕೈ ಕೊಟ್ಟ ಆ ಫೋಟೋ ತೆಗೆಯುವಾಗ ಒಬ್ಬರು ಮಗುವಿನ ತಲೆ ಹಿಡಿದೇ ಇರುತ್ತಾರೆ, ಎರಡು ಚಿತ್ರ ಸೇರಿಸಿ ಆಮೇಲೆ ಆ ಕೈಯನ್ನು ಅಳಿಸುತ್ತಾರೆ. ಮಗುವಿಗೆ ಅಮ್ಮನ ತೋಳಿಗಿಂತ ಒಳ್ಳೆಯ ಜಾಗ ಬೇಕಾ?

ಅಮ್ಮ ಒಬ್ಬಳೇ ಇದ್ದರೂ ಪರವಾಗಿಲ್ಲ. ಮೊಬೈಲನ್ನು ಸ್ಟೀಲ್ ಡಬ್ಬಿಗಳ ಮೇಲೆ ಅಕ್ಕಿ ಚೀಲಕ್ಕೆ ಒರಗಿಸಿ ಇಡಿ, ಕಣ್ಣಿನ ಎತ್ತರಕ್ಕೆ ಬರಲಿ, 10 ಸೆಕೆಂಡ್ ಟೈಮರ್ ಹಾಕಿ. ಮೊದಲ ಹತ್ತು ಫೋಟೋ ಕೆಡುತ್ತವೆ. ಹನ್ನೊಂದನೆಯದಕ್ಕೆ ನೀವು ಮೊಬೈಲ್ ಮರೆತು ಮಗುವಿನ ಜತೆ ಮಾತಾಡಲು ಶುರು ಮಾಡಿರುತ್ತೀರಿ.

ದೊಡ್ಡ ಮಕ್ಕಳ ಅಮ್ಮಂದಿರು

ತಾಯ್ತನ ಅಂದರೆ ಕೂಸು ಮಾತ್ರ ಅಲ್ವಲ್ಲ. ಶಾಲೆಗೆ ಹೊತ್ತಾಯಿತು ಅಂತ ಮಗಳ ಜಡೆ ಹಾಕುತ್ತಾ ಹಲ್ಲಿನಲ್ಲಿ ರಿಬ್ಬನ್ ಕಚ್ಚಿಕೊಂಡಿರುವ ಅಮ್ಮ, ತನಗಿಂತ ಒಂದಡಿ ಎತ್ತರ ಬೆಳೆದ ಮಗನ ಅಂಗಿಯ ಕಾಲರ್ ಸರಿಮಾಡುವ ಅಮ್ಮ, ಇವೂ ತಾಯ್ತನದ ಚಿತ್ರಗಳೇ.

ಅರುವತ್ತು ದಾಟಿದ ಅಮ್ಮಂದಿರು ಸುಲಭಕ್ಕೆ ಒಪ್ಪುವುದಿಲ್ಲ. 'ನನ್ನದೇನೋ ಫೋಟೋ, ಮಕ್ಕಳದ್ದು ತೆಗಿ ಹೋಗು' ಅನ್ನುತ್ತಾರೆ. ಬಲವಂತ ಮಾಡಬೇಡಿ. ಅವರು ಹೂ ಕಟ್ಟಲು ಕೂತಾಗ, ಅವರೆಕಾಯಿ ಸುಲಿಯಲು ಕೂತಾಗ ನೀವೂ ಪಕ್ಕದಲ್ಲಿ ಕೂತು ನಾಲ್ಕು ಕಾಯಿ ಸುಲಿಯಿರಿ. ನಮ್ಮಮ್ಮನ ಒಳ್ಳೆಯ ಫೋಟೋ ನನಗೆ ಸಿಕ್ಕಿದ್ದು ಹಾಗೇ. ನೆಲದ ಮೇಲೆ ಕೂತಿದ್ದರು, ಮೊರದಲ್ಲಿ ಸೊಪ್ಪು, ಬಾಗಿಲಿನಿಂದ ಬೆಳಕು. ನನ್ನ ಮಗಳು ಹಿಂದಿನಿಂದ ಬಂದು ಕುತ್ತಿಗೆಗೆ ಜೋತುಬಿದ್ದಳು. ಅಮ್ಮ ಸೊಪ್ಪು ಬಿಡಿಸುವುದು ನಿಲ್ಲಿಸಲಿಲ್ಲ, ಕಣ್ಣು ಮುಚ್ಚಿ ತಲೆ ಸ್ವಲ್ಪ ಅವಳ ಕಡೆ ವಾಲಿಸಿದರು, ಅಷ್ಟೇ. ಫೋಟೋದಲ್ಲಿ ಅವರ ಕೈಯ ನರ, ಉಗುರಿನ ಸಂದಿಯ ಮಣ್ಣು, ಮೊಮ್ಮಗಳ ಬೆರಳು ಎಲ್ಲಾ ಕಾಣುತ್ತದೆ. ಬಣ್ಣದಲ್ಲಿ ಅದೇ ಫೋಟೋ ನೋಡಿದರೆ ಮೊದಲು ಕಾಣುವುದು ಹಸಿರು ಸೊಪ್ಪು.

ಬಣ್ಣ ತೆಗೆಯುವುದು

ಇಪ್ಪತ್ತು ಫೋಟೋ ತೆಗೆದರೆ ಎರಡೋ ಮೂರೋ ಇಟ್ಟುಕೊಳ್ಳಿ. ಫೋಟೋ ತಿದ್ದುವ ಸ್ನ್ಯಾಪ್‌ಸೀಡ್ ಆ್ಯಪ್‌ನಲ್ಲಿ ಬ್ಲ್ಯಾಕ್ ಅಂಡ್ ವೈಟ್ ಅನ್ನುವ ಟೂಲ್ ಇದೆ, ಅದರೊಳಗೆ ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ ಫಿಲ್ಟರುಗಳಿವೆ. ಒಂದೊಂದೇ ಒತ್ತಿ ನೋಡಿ. ಕೆಂಪು, ಕಿತ್ತಳೆ ಫಿಲ್ಟರಿನಲ್ಲಿ ಚರ್ಮ ತಿಳಿಯಾಗಿ ನುಣ್ಣಗೆ ಕಾಣುತ್ತದೆ. ನೀಲಿಯಲ್ಲಿ ಪ್ರತಿ ಕಲೆ, ಸುಕ್ಕು ಎದ್ದು ಕಾಣುತ್ತದೆ. ಮಗುವಿನ ಮೈಮೇಲೆ ಕೆಂಪು ಗುಳ್ಳೆ ಇದ್ದರೆ ಕಿತ್ತಳೆ ಒಳ್ಳೆಯದು.

ಲೈಟ್‌ರೂಮ್ ಅನ್ನುವ ಇನ್ನೊಂದು ಆ್ಯಪ್‌ನಲ್ಲಿ ಇನ್ನೂ ಹಿಡಿತ ಸಿಗುತ್ತದೆ, ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಸ್ಲೈಡರ್. ಕುಂಕುಮದ ವಿಷಯ ಹೇಳುತ್ತೇನೆ ಅಂದಿದ್ದೆನಲ್ಲ. ಕಿತ್ತಳೆಯನ್ನು ತುಸು ಮೇಲೆ ತನ್ನಿ, ಚರ್ಮಕ್ಕೆ ಬೆಳಕು ಬರುತ್ತದೆ. ಕೆಂಪನ್ನು ಸ್ವಲ್ಪ ಕೆಳಗೆ ಇಳಿಸಿ, ಹಣೆಯ ಬೊಟ್ಟು ಮತ್ತೆ ಮೂಡುತ್ತದೆ. ಜಾಸ್ತಿ ಇಳಿಸಿದರೆ ತುಟಿಯೂ ಕಪ್ಪಾಗುತ್ತದೆ, ನೋಡಿಕೊಂಡು ಮಾಡಿ. ಅರಿಶಿನ ಹಚ್ಚಿದ ಕೆನ್ನೆಗೆ ಹಳದಿ ಸ್ಲೈಡರ್. ಕಿತ್ತಳೆಯನ್ನು ಮಾತ್ರ ಅತಿ ಮಾಡಿ ಕಪ್ಪು ಅಮ್ಮನನ್ನು ಬೆಳ್ಳಗೆ ಮಾಡಬೇಡಿ. ಅವಳ ಬಣ್ಣ ಅವಳದ್ದು, ಬೂದಿಯಲ್ಲೂ ಅದು ಅವಳದ್ದಾಗಿಯೇ ಇರಲಿ.

ಕಾಂಟ್ರಾಸ್ಟ್, ಅಂದರೆ ಕಪ್ಪಿಗೂ ಬಿಳಿಗೂ ನಡುವಿನ ಅಂತರ, ಹದವಾಗಿರಲಿ. ಎಲ್ಲೋ ಒಂದು ಕಡೆ ನಿಜವಾದ ಕಪ್ಪು ಇರಬೇಕು, ಕೂದಲಿನಲ್ಲೋ ನೆರಳಿನಲ್ಲೋ. ಎಲ್ಲೋ ಒಂದು ಕಡೆ ನಿಜವಾದ ಬಿಳಿ. ನಡುವೆ ಬೂದಿಯ ಮೆಟ್ಟಿಲು ಜಾಸ್ತಿ ಇದ್ದಷ್ಟೂ ಮುಖ ಜೀವಂತ ಕಾಣುತ್ತದೆ. ಮಗುವಿನ ಒಂದು ಬಟ್ಟೆಗೆ ಮಾತ್ರ ಬಣ್ಣ ಬಿಟ್ಟು ಉಳಿದದ್ದೆಲ್ಲ ಬೂದಿ ಮಾಡುತ್ತಾರೆ, ಅದು ಬೇಡ. ಕಣ್ಣು ಮತ್ತೆ ಬಟ್ಟೆಗೇ ಹೋಗುತ್ತದೆ.

ಹಂಚುವ ಮೊದಲು

ಅಮ್ಮನನ್ನು ಕೇಳಿ. ಹಾಲುಣಿಸುವ ಫೋಟೋ ಆದರಂತೂ ತೆಗೆಯುವ ಮೊದಲೇ ಕೇಳಿ, ಆಮೇಲೆ ತೋರಿಸಿ, ಬೇಡ ಅಂದರೆ ಅವಳ ಎದುರೇ ಅಳಿಸಿ. ಲ್ಯಾಂಗ್ ತೆಗೆದ ಆ ತಾಯಿಯ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್. ಜಗತ್ತೆಲ್ಲ ಅವರ ಮುಖ ನೋಡಿತು, ಹೆಸರು ಹೊರಗೆ ಬಂದದ್ದು 1978ರಲ್ಲಿ. ಆ ಫೋಟೋ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು ಅಂತ ಅವರು ಆಗ ಹೇಳಿಕೊಂಡಿದ್ದರು. ಮನೆಯ ಫೋಟೋಗೂ ಇದು ಅನ್ವಯಿಸುತ್ತದೆ. ಬಾಣಂತಿಯ ದಣಿದ ಮುಖ ನಿಮಗೆ ಚೆಂದ ಕಂಡಿರಬಹುದು, ನೆಂಟರ ವಾಟ್ಸಾಪ್ ಗ್ರೂಪಿಗೆ ಅದು ಹೋಗಬೇಕೋ ಬೇಡವೋ ಅನ್ನುವುದು ಅವಳ ಇಷ್ಟ.

ಪ್ರಿಂಟ್

ಮೊಬೈಲಿನಲ್ಲೇ ಇಟ್ಟುಕೊಂಡರೆ ಮೊಬೈಲ್ ಹೋದ ದಿನ ಫೋಟೋನೂ ಹೋಯಿತು. 8×12 ಇಂಚಿನ ಪ್ರಿಂಟಿಗೆ 2400×3600 ಪಿಕ್ಸೆಲ್ ಇದ್ದರೆ ಸಾಕು. ಲ್ಯಾಬಿಗೆ ವಾಟ್ಸಾಪಿನಲ್ಲಿ ಕಳಿಸುವುದಾದರೆ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದು ಕುಗ್ಗಿಸಿಬಿಡುತ್ತದೆ. ಲ್ಯಾಬಿನಲ್ಲಿ ಎರಡು ಮಾತು ಹೇಳಿ: ಮ್ಯಾಟ್ (ಹೊಳಪಿಲ್ಲದ) ಪೇಪರ್ ಹಾಕಿ, ಕಲರ್ ಕರೆಕ್ಷನ್ ಮಾಡಬೇಡಿ. ನಾನು ಮೊದಲ ಸಲ ಹೇಳದೆ ಕೊಟ್ಟಿದ್ದೆ, ಅಮ್ಮನ ಮುಖ ಪೂರ್ತಿ ಹಸಿರು ಛಾಯೆಗೆ ತಿರುಗಿ ಬಂತು. ಕಲರ್ ಪೇಪರಿನ ಮೇಲೆ ಕಪ್ಪು-ಬಿಳುಪು ಹಾಕುವಾಗ ಹೀಗಾಗುವುದುಂಟು. ಅದಕ್ಕೇ ಮೊದಲು ಒಂದು 4×6 ಹಾಕಿಸಿ, ಅದನ್ನು ಅಂಗಡಿಯ ದೀಪದಲ್ಲಿ ನೋಡದೆ ಹೊರಗಿನ ಬೆಳಕಿಗೆ ತಂದು ನೋಡಿ, ಆಮೇಲೆ ದೊಡ್ಡದು.

ಫ್ರೇಮಿನಲ್ಲಿ ಗಾಜಿಗೂ ಫೋಟೋಗೂ ನಡುವೆ ಮೌಂಟ್ (ಫೋಟೋ ಸುತ್ತ ಬರುವ ದಪ್ಪ ಕಾಗದದ ಅಂಚು) ಇರಲಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಫೋಟೋ ಗಾಜಿಗೆ ಅಂಟಿಕೊಂಡರೆ ಬಿಡಿಸಲು ಹೋದಾಗ ಮುಖವೇ ಕಿತ್ತು ಬರುತ್ತದೆ. ನೇರ ಬಿಸಿಲು ಬೀಳುವ ಗೋಡೆ ಬೇಡ.

ಮೌಂಟಿನ ಹಿಂದೆ ಪೆನ್ಸಿಲಿನಲ್ಲಿ ತಾರೀಕು, ಊರು, ಹೆಸರು ಬರೆಯಿರಿ. ನನ್ನ ಆ ಹಳೇ ಫೋಟೋದ ಹಿಂದೆ ನನ್ನ ಹೆಸರಿದೆ, 'ಆರು ತಿಂಗಳು' ಅಂತ ಇದೆ. ಈಚೆಗೆ ಅದರ ಕೆಳಗೆ ನಾನೇ ಒಂದು ಸಾಲು ಸೇರಿಸಿದೆ: 'ಬಳೆ ಹಾಕಿದ ಕೈ ಅಮ್ಮನದು', ಪಕ್ಕದಲ್ಲಿ ಅವರ ಪೂರ್ತಿ ಹೆಸರು.